ಸ್ಟಿಪಾನನ ಗಿಟಾರಿನ ತುಕ್ಕು

"ಡಾಕ್ಟ್ರೇ, ನನ್ನ ಮಗನ ಗಿಟಾರಿನ ತುಕ್ಕನ್ನ ಯಾರೋ ಕದ್ದಿದಾರೆ!"

ಮಾಂದಾ ಫಿರಾಂಜ್ ಹೀಗೆ ಕೂಗುತ್ತ ಒಳಗೆ ನುಗ್ಗಿದಾಗ ಹಲ್ಲಿನ ಡಾಕ್ಟರ್ ಎಮೆರಿಕ್ ಹಲಾಸರ ಎರಡು ಬೆರಳು ಅಂಚೆ ಮಾಸ್ತರರ ಬಾಯೊಳಗಿದ್ದವು. ಪಕ್ಕದಲ್ಲಿ ಅವರ ಸಹಾಯಕಿ ಸಾವ್ಕಾ ಬಾಯಿ ಮುಕ್ಕಳಿಸುವುದಕ್ಕೆಂದು ಬಿಸಿನೀರಿಗೆ ಅಡುಗೆ ಸೋಡಾ ಕದಡುತ್ತಿದ್ದಳು. ಅವಳ ಚಮಚ ಹಾಗೇ ನಿಂತುಬಿಟ್ಟಿತು. ಸೊಂಬೊರ್ ಊರಿನಲ್ಲಿ ಬಾತುಕೋಳಿ ಕಳುವಾದರೂ, ಉಯಿಲು ಕಾಣೆಯಾದರೂ ಜನ ಮೊದಲು ಬರುತ್ತಿದ್ದದ್ದು ಹಲಾಸರ ಬಾಗಿಲಿಗೆ. ಪೊಲೀಸ್ ಠಾಣೆ ಏನಿದ್ದರೂ ಆಮೇಲೆ. ಅವರ ಜೊತೆ ದುಡಿದಷ್ಟು ವರ್ಷವೂ ಸಾವ್ಕಾ ಎಂತೆಂಥದೋ ಕಳವಿನ ಕತೆ ಕೇಳಿದ್ದಳು. ತುಕ್ಕು ಕಳುವಾದದ್ದು ಮಾತ್ರ ಇದೇ ಮೊದಲು.

"ಏನು ಕಳುವಾಯ್ತು ಅಂದಿರಿ?" ಹಲಾಸರು ತಲೆ ಎತ್ತದೆ ಕೇಳಿದರು.

"ಈ ಕಡೆ ಬಂದು ಮಾತಾಡಿ. ನನ್ನ ಎಡಗಿವಿ ಸುಮ್ಮನೆ ಅಲಂಕಾರಕ್ಕೆ ಇದೆ," ಎಂದು ಮಾಂದಾ ಬಲಗಿವಿ ಮುಂದೆ ಮಾಡಿದಳು.

ಅಂಚೆ ಮಾಸ್ತರರಿಗೆ ಎದ್ದು ಹೋಗುವ ಮನಸ್ಸೇ ಇರಲಿಲ್ಲ. ಸಾವ್ಕಾ ಅವರ ಕೈಗೆ ಟೊಪ್ಪಿ ಕೊಟ್ಟು ಬಾಗಿಲ ತನಕ ಬಿಟ್ಟುಬಂದಳು. ಆಮೇಲೆ ಮಾಂದಾಳನ್ನು ಕುರ್ಚಿಯಲ್ಲಿ ಕೂರಿಸಿ, ಮುಕ್ಕಳಿಸಲೆಂದು ಇಟ್ಟಿದ್ದ ನೀರನ್ನು ಅವಳು ಕುಡಿಯದಂತೆ ದೂರ ಸರಿಸಿದಳು.

ಆ ಗಿಟಾರನ್ನು ಅರಿಯದವರು ಊರಲ್ಲಿ ಯಾರೂ ಇರಲಿಲ್ಲ. ಅರವತ್ತರ ದಶಕದಲ್ಲಿ ಬೀದಿಗೊಂದು ಬ್ಯಾಂಡ್ ಹುಟ್ಟಿ ಸಾಯುತ್ತಿದ್ದಾಗ ಉಳಿದುಕೊಂಡದ್ದು 'ವೆತ್ರೊಕಾಜಿ'. ಮಾಡಿನ ಮೇಲೆ ಗಾಳಿಗೆ ತಿರುಗುವ ತಗಡಿನ ಕೋಳಿಯ ಹೆಸರು ಅದು. ನಾಲ್ಕು ಜನ ಹುಡುಗರು. ಅಂಗಡಿಯ ಗಿಟಾರು ಕೈಗೆಟುಕದ ಕಾಲ; ಮಾಂದಾಳ ಮಗ ಸ್ಟಿಪಾನ್ ಅಮ್ಮನ ಬಟ್ಟೆ ಬೀರುವಿನ ಬಾಗಿಲನ್ನೇ ಕೊಯ್ದು ಗಿಟಾರು ಮಾಡಿದ. ತಂತಿಯ ದನಿ ಹಿಡಿಯುವ ಸುರುಳಿಯನ್ನು ಟೆಲಿಫೋನಿನ ಕಿವಿಯೊಳಗಿನ ತಂತಿ, ಅಯಸ್ಕಾಂತದಿಂದ ತಾನೇ ಸುತ್ತಿ, ತಗಡಿನ ಫಲಕದ ಕೆಳಗೆ ಕೂರಿಸಿದ. ಅದರಿಂದ ಬರುತ್ತಿದ್ದ ದನಿ ಅಳುವಿಗೂ ನಗುವಿಗೂ ನಡುವಿನದು. ಅವರ ಒಂದೇ ಒಂದು ಗ್ರಾಮಫೋನ್ ತಟ್ಟೆ ಬೆಲ್‌ಗ್ರೇಡಿನವರೆಗೂ ಮನೆಮನೆಯಲ್ಲಿ ಸುತ್ತಿತು. ಒಂದು ಚಳಿಗಾಲ ಕುಣಿತದ ಸಭೆಯಿಂದ ಮರಳುವಾಗ ಮಂಜುಗಟ್ಟಿದ ರಸ್ತೆಯಲ್ಲಿ ವ್ಯಾನ್ ಉರುಳಿತು. ಮೂವರು ಉಳಿದರು, ಸ್ಟಿಪಾನ್ ಉಳಿಯಲಿಲ್ಲ.

"ಸಂಸ್ಕೃತಿ ಭವನದವರಿಗೆ ಗಿಟಾರು ಕೊಡುವಾಗ ಎರಡೇ ಮಾತು ಹೇಳಿದ್ದೆ," ಮಾಂದಾ ಅಂದಳು. "ಅದರ ಹೊಟ್ಟೆ ಬಿಚ್ಚಬಾರದು. ತಂತಿ ಬದಲಾಯಿಸಬಾರದು, ಅವನ ಬೆರಳು ಕೊನೆಗೆ ಮುಟ್ಟಿದ ತಂತಿ ಅದು. ಕಪ್ಪಗೆ ತುಕ್ಕು ಹಿಡಿದಿತ್ತು. ವಾರಾವಾರ ಹೋಗಿ ಗಾಜಿನ ಹೊರಗಿಂದ ನೋಡ್ತೀನಲ್ಲ, ನನಗೆ ಗೊತ್ತಿಲ್ವಾ? ಇವತ್ತು ನೋಡಿದ್ರೆ ಬೆಳಗಿದ ಚೊಂಬಿನ ಹಾಗೆ ಫಳಫಳ ಅಂತಿದೆ!"

"ಹೊಸ ತಂತಿ ಹಾಕಿರಬಹುದು."

"ಭವನದ ವಿದಾಕನೂ ಅದನ್ನೇ ಹೇಳ್ತಾನೆ. ಶನಿವಾರ ಆ ಗಿಟಾರು ನುಡಿಸೋಕೆ ಬೆಲ್‌ಗ್ರೇಡಿನಿಂದ ಬಂದಿದಾನಲ್ಲ ವಾನ್ಯಾ ಅನ್ನೋ ಹುಡುಗ, ಉದ್ದ ಕೂದಲು, ಅವನೇ ಹಾಕಿದ್ದು ಅಂತ. ಅವನನ್ನ ಓಡಿಸಿ ಶನಿವಾರದ ಕಾರ್ಯಕ್ರಮವನ್ನೇ ನಿಲ್ಲಿಸ್ತಾನಂತೆ." ಅವಳ ದನಿ ಕುಗ್ಗಿತು. "ನಿಲ್ಲಬಾರದು ಡಾಕ್ಟ್ರೇ. ಯಾರಿಗೂ ಹೇಳಬೇಡಿ. ಕಿವಿ ಡಾಕ್ಟರು ಹೇಳಿಬಿಟ್ಟಿದಾರೆ, ಹಿಮ ಬೀಳೋ ಹೊತ್ತಿಗೆ ಬಲಗಿವಿಯೂ ಹೋಗತ್ತೆ ಅಂತ. ಅದಕ್ಕೇ ಬೇರೆಯವರು ಗಿಟಾರು ನುಡಿಸಲಿ ಅಂತ ಒಪ್ಪಿದ್ದು. ಸ್ಟಿಪಾ ಇದ್ದಾಗ ಕೋಲಲ್ಲಿ ಗೋಡೆ ಬಡಿದು, ಕಡಿಮೆ ಮಾಡೋ ಅಂತ ಬೈತಿದ್ದೆ. ಈಗ ಒಂದ್ಸಲ ಕೇಳಬೇಕು. ಒಂದೇ ಸಲ."

ಹಲಾಸರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆಂದರೆ ಕೆಲಸ ಒಪ್ಪಿಕೊಂಡರೆಂದೇ ಅರ್ಥ. ಸಾವ್ಕಾ ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತೂಗುಹಾಕಿದಳು.

"ಒಂದು ಪ್ರಶ್ನೆ, ಅಮ್ಮ. ಆ ಕಾಲದಲ್ಲಿ ತಂತಿ ಹಳೇದಾದರೆ ಬ್ಯಾಂಡಿನ ಹುಡುಗರು ಏನು ಮಾಡ್ತಿದ್ರು?"

"ಏನು ಮಾಡ್ತಾರೆ? ಕುದಿಸ್ತಿದ್ರು! ಹೊಸದು ಎಲ್ಲಿ ಸಿಗ್ತಿತ್ತು? ನನ್ನ ಸೂಪಿನ ಪಾತ್ರೆಯಲ್ಲೇ ಕುದಿಸಿ, ಒರೆಸಿ, ಮತ್ತೆ ಕಟ್ತಿದ್ರು. ದನಿ ತೊಳೆದ ಹಾಗೆ ಆಗ್ತಿತ್ತು ಅನ್ನಿ. ನನ್ನ ಪಾತ್ರೆ ಮಾತ್ರ ಮಸಿ. ಒಂದಿನ ಪೊರಕೆ ತಗೊಂಡು ಎಲ್ಲರನ್ನೂ ಓಡಿಸಿದೆ. ಆಮೇಲೆ ಯಾರ ಅಡುಗೆಮನೆ ಹಾಳು ಮಾಡಿದ್ರೋ, ಗೊತ್ತಿಲ್ಲ."

ಸಂಸ್ಕೃತಿ ಭವನದ ಪಡಸಾಲೆಯಲ್ಲಿ ಜಗಳ ಆಗಲೇ ಕಾವೇರಿತ್ತು. ಒಂದು ಕಾಲದಲ್ಲಿ ವೆತ್ರೊಕಾಜಿಯ ಆರ್ಗನ್ ನುಡಿಸುತ್ತಿದ್ದ ವಿದಾಕ್ ಈಗ ಭವನದ ನಿರ್ದೇಶಕ. ಹೋದ ತಿಂಗಳು ಮೆಟ್ಟಿಲಿನಿಂದ ಬಿದ್ದು ಬಲಗೈಗೆ ಬೆರಳ ತುದಿಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡಿದ್ದ; ಆ ಬಿಳಿ ಕೈಯನ್ನೇ ವಾನ್ಯಾನ ಮೂಗಿನ ಮುಂದೆ ಆಡಿಸುತ್ತಿದ್ದ.

"ಇಡೀ ಊರಿನ ಆಸ್ತಿ ಅದು! ನಿನ್ನ ಬೆಲ್‌ಗ್ರೇಡಿನ ಸೊಕ್ಕೆಲ್ಲ ಇಲ್ಲಿ ಬೇಡ."

"ನಾನು ಮುಟ್ಟಿಲ್ಲ ಅಂದ್ನಲ್ಲ ಅಣ್ಣ! ನನ್ನ ಹತ್ರ ಅಮೆರಿಕದ ಗಿಟಾರಿದೆ, ಅದರಲ್ಲಿ ಈ ದನಿ ಬರಲ್ಲ. ಚಿಕ್ಕೋನಿದ್ದಾಗ ನಿಮ್ಮ ತಟ್ಟೆ ಹಾಕಿ ಹಾಕಿ ಮುಳ್ಳೇ ಸವೆಸಿದವನು ನಾನು. ಶನಿವಾರ ಅಜ್ಜಿ ಕೈಯಿಂದ ಇಸ್ಕೊಂಡೇ ನುಡಿಸೋಣ ಅಂತ ಕಾಯ್ತಿದ್ದೆ." ಅವನು ಜೇಬಿನಿಂದ ಬಿಚ್ಚದ ತಂತಿಯ ಪೊಟ್ಟಣ ತೆಗೆದು ತೋರಿಸಿದ. "ಹೊಸದು ಬೇಕಿದ್ರೆ ಹಾಕಲಿ ಅಂತ ತಂದೆ. ಬಿಚ್ಚೇ ಇಲ್ಲ, ನೋಡಿ."

"ಎರಡು ಪೊಟ್ಟಣ ತಂದಿರ್ತೀಯ."

ಮಾಂದಾಳ ಒಪ್ಪಿಗೆ ಪಡೆದು ಹಲಾಸರು ಗಾಜಿನ ಪೆಟ್ಟಿಗೆ ತೆರೆಸಿದರು. ಅದರ ಬೀಗದ ಕೈ ವಿದಾಕನ ಕಚೇರಿಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಒಳಗೆ ಹೋಗಿ ಬರುವ ಯಾರಿಗೂ ಕಾಣುವಂತಿತ್ತು. ಸಾವ್ಕಾ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಅವರ ಕೈಗಿತ್ತಳು. ಗಿಟಾರಿನ ಮೇಲೆ ಬಾಗಿ, ಹುಳುಕು ಹಲ್ಲು ಹುಡುಕುವ ಹಾಗೆ ತಂತಿಗಳ ಅಡಿಯಲ್ಲಿ ಕನ್ನಡಿ ಹಿಡಿದು ಉದ್ದಕ್ಕೂ ನೋಡಿದರು.

"ಸಾವ್ಕಾ, ಏನು ಕಾಣ್ತದೆ?"

ಅವಳು ಇಣುಕಿದಳು. ತಂತಿಯ ಮೈ ಹೊಳೆಯುತ್ತಿತ್ತು. ಆದರೆ ಗಿಟಾರಿನ ಕುತ್ತಿಗೆಯ ಹಿತ್ತಾಳೆ ಮೆಟ್ಟುಗಳು ಎಲ್ಲೆಲ್ಲಿ ತಾಗುತ್ತವೋ ಅಲ್ಲೆಲ್ಲ ತಂತಿಯ ಅಡಿಭಾಗ ಸವೆದು ತಗ್ಗಾಗಿತ್ತು. ತೆಳ್ಳನೆಯ ತಂತಿಗಳಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಗುಳಿಗಳೂ ಇದ್ದವು.

"ತಗ್ಗು," ಎಂದಳು.

"ಹ್ಞೂಂ." ಅವರು ಕನ್ನಡಿಯನ್ನು ತಗಡಿನ ಫಲಕದ ಬಳಿಗೆ ತಂದರು. ತಂತಿಗಳ ಕೆಳಗಿದ್ದ ಆ ಫಲಕದ ತಿರುಪುಗಳು ಹಳೆಯವು, ತಲೆಯ ಗೆರೆಗಳಲ್ಲಿ ಮಾತ್ರ ಹೊಸ ಗೀರು. ಫಲಕದ ಅಂಚಿನ ಸಂದಿಯಲ್ಲಿ ಕನ್ನಡಿ ತೂರಿಸಿ ತುಸು ಹೊತ್ತು ನೋಡಿದರು. ತಂತಿ ಕಟ್ಟಿದ ಕಡೆಯ ಗುಂಡಿಯ ಸುತ್ತ ಹತ್ತಿದ್ದ ಬಿಳಿ ಹೊಟ್ಟನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದರು.

"ಉಪ್ಪು ಸಾಲದಾ ಡಾಕ್ಟ್ರೇ?" ಹಿಂದಿನಿಂದ ದನಿ ಬಂತು.

ಗೇಜಾ ಬರ್ತಾ ತಟ್ಟೆ ತುಂಬ ಗಸಗಸೆ ಹೂರಣದ ಸ್ಟ್ರೂಡೆಲ್ ಹಿಡಿದು ನಿಂತಿದ್ದ. ವೆತ್ರೊಕಾಜಿಯ ಡ್ರಮ್ ಬಡಿಯುತ್ತಿದ್ದವನು ಅವನೇ. ಈಗ ತಾಯಿಯ ಕಾಲದ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದ. ದಿನಾ ಭವನಕ್ಕೆ ತಿಂಡಿ ತಂದು ಎಲ್ಲರ ಬಾಯಿಗೂ ಹಾಕದೆ ಹೋಗುವವನಲ್ಲ.

"ತಗೊಳ್ಳಿ, ಇದರಿಂದ ನಿಮ್ಮ ವ್ಯಾಪಾರನೂ ಬೆಳೆಯತ್ತೆ," ಎಂದು ಹಲಾಸರ ಕೈಗೊಂದು ಕೊಟ್ಟ. ಮಾಂದಾಳಿಗೆ ಮೆತ್ತನೆಯದನ್ನು ಆರಿಸಿ ಕೊಟ್ಟ. ವಾನ್ಯಾನ ಮುಂದೆ ತಟ್ಟೆ ಹಿಡಿಯಲೇ ಇಲ್ಲ.

ಉಳಿದವನು ಬೇಸ್ ಗಿಟಾರಿನ ತೀಮಾ. ಸಾವ್ಕಾಳ ಅನುಮಾನವೆಲ್ಲ ಅವನ ಮೇಲೆಯೇ ಇತ್ತು. ರೇಡಿಯೊ ರಿಪೇರಿ ಮಾಡುವವನು, ತಿರುಪು ಬಿಚ್ಚುವುದು, ಬೆಸುಗೆ ಹಾಕುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಅವನ ಅಂಗಡಿಗೆ ಕಾಲಿಟ್ಟ ಕೂಡಲೇ ಉಪ್ಪಿನಕಾಯಿ ಭರಣಿಯೊಳಗೆ ತಲೆ ಹಾಕಿದಂತಾಯಿತು. ಗಾಜಿನ ಜಾಡಿಯೊಂದರಲ್ಲಿ ವಿನೆಗರ್ ತುಂಬಿ ದಪ್ಪ ತಂತಿಗಳನ್ನು ಮುಳುಗಿಸಿಟ್ಟಿದ್ದ.

"ಶನಿವಾರಕ್ಕೆ ನೆನೆಹಾಕಿದೀನಿ," ಎಂದ ಹೆಮ್ಮೆಯಿಂದ. "ಆಮೇಲೆ ಇದರಲ್ಲೇ ಒಂದು ಕುದಿ. ನಾನು ಹೊಸ ತಂತಿ ಹಾಕೋನಲ್ಲ ಡಾಕ್ಟ್ರೇ. ಹೊಸದು ಚಿಕ್ಕ ಮಕ್ಕಳ ಹಾಗೆ, ಬರೀ ಕಿರುಚತ್ತೆ."

ಹೊರಗೆ ಬಂದ ಮೇಲೆ ಸಾವ್ಕಾ, "ಇವನೇ ಅಲ್ವಾ?" ಅಂದಳು.

"ನಿನ್ನ ಮೂಗು ಏನು ಹೇಳತ್ತೆ?"

"ವಿನೆಗರ್ ಅನ್ನತ್ತೆ."

"ನನ್ನ ನಾಲಿಗೆ ಬೇರೇನೋ ಹೇಳ್ತಿದೆಯಲ್ಲ," ಎಂದು ಅವರು ಹೆಜ್ಜೆ ಹಾಕಿದರು. ಸಾವ್ಕಾಳಿಗೆ ಸಿಟ್ಟು ಬಂತು. ಅರ್ಧ ಹೇಳಿ ಅರ್ಧ ನುಂಗುವುದು ಅವರಿಗೆ ಹುಟ್ಟುಗುಣ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಹಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸೇರಿದರು. ಕಾಫಿ ಪುಡಿ ಅಂಗಡಿಗಳಲ್ಲಿ ಕಾಣದ ಕಾಲ; ವಾನ್ಯಾ ಬೆಲ್‌ಗ್ರೇಡಿನಿಂದ ತಂದ ಪೊಟ್ಟಣವನ್ನು ಸಾವ್ಕಾ ದೇವರ ಪ್ರಸಾದದ ಹಾಗೆ ಅಳೆದು ಕಾಸಿದ್ದಳು. ಗಿಟಾರು ಮಾಂದಾಳ ಮಡಿಲಲ್ಲಿತ್ತು. ಹಲಾಸರು ಹಲ್ಲಿನ ಆಯುಧಗಳ ತಟ್ಟೆಯಲ್ಲಿ ಒಂದು ಕಪ್ಪಾದ ಹಳೆ ತಂತಿ ಇಟ್ಟು ಎಲ್ಲರ ಮುಂದೆ ತಂದರು.

"ನಮ್ಮ ಮಹಡಿ ಮೇಲೆ ಸಿಕ್ಕಿತು. ಇದಕ್ಕೆ ಜೀವ ಬರಿಸೋದು ಹೇಗೆ, ಹೇಳಿ."

"ಬಿಸಾಕೋದು," ವಾನ್ಯಾ ಅಂದ.

"ಕುದಿಸೋದು," ತೀಮಾ ಅಂದ.

"ತಂತಿ ಕುದಿಸೋದಾ?" ವಾನ್ಯಾನಿಗೆ ನಗು ಬಂತು. "ಸೂಪ್ ಮಾಡ್ತೀರಾ ಅಣ್ಣ?"

"ನಗಬೇಡ ಮರಿ. ನೀನು ತೊಟ್ಟಿಲಲ್ಲಿದ್ದಾಗ ನಾವು ಸೂಪೇ ಮಾಡ್ತಿದ್ವಿ. ನೀರು, ಒಂದು ಲೋಟ ವಿನೆಗರ್..."

"ಶುರುವಾಯ್ತಪ್ಪ ಇವನ ವಿನೆಗರ್!" ಗೇಜಾ ಮೊಣಕಾಲು ಬಡಿದ. "ಲೋ ತೀಮಾ, ಅದು ತಾಮ್ರ ತಿನ್ನತ್ತೆ ಅಂತ ಆಗಲೂ ಬಡ್ಕೊಂಡೆ, ಈಗಲೂ ಬಡ್ಕೋತೀನಿ. ನಿನ್ನ ಬೇಸ್ ಗಿಟಾರು ನೆಗಡಿಯಾದ ಎಮ್ಮೆ ಥರ ಕೂಗೋದು ಅದಕ್ಕೇ ಕಣೋ!"

"ನಿನ್ನ ಡ್ರಮ್ಮಿಗೆ ತಂತಿನೇ ಇಲ್ಲ! ತಂತಿ ವಿಷಯ ನಿನಗೇನು ಗೊತ್ತು?"

"ನನಗೇನು ಗೊತ್ತಾ? ಮಾಂದಾ ಚಿಕ್ಕಮ್ಮ ಪೊರಕೆ ಹಿಡಿದ ಮೇಲೆ ಸ್ಟಿಪಾನ ತಂತಿಯೆಲ್ಲ ನಮ್ಮಮ್ಮನ ಅಂಗಡಿ ಒಲೆ ಮೇಲೆ ಬೆಂದದ್ದು! ಎರಡು ಚಮಚ ಸೋಡಾ, ಸಣ್ಣ ಉರಿ, ಹಿಟ್ಟು ಜರಡಿಯ ಬಟ್ಟೆಯಲ್ಲಿ ಒರೆಸೋದು. ಈ ಕೈಯಾರೆ..."

ಮಾತು ಅಲ್ಲಿಗೇ ನಿಂತಿತು. ಕೋಣೆಯಲ್ಲಿ ಯಾರೂ ಅವನನ್ನು ತಡೆದಿರಲಿಲ್ಲ. ಅವನ ಕಣ್ಣು ತಾನಾಗಿ ಗಿಟಾರಿನ ಕಡೆ ಹೊರಳಿ, ಅಲ್ಲಿಂದ ಹಲಾಸರ ಮುಖಕ್ಕೆ ಬಂತು.

ಹಲಾಸರು ತಟ್ಟೆಯನ್ನು ಕೆಳಗಿಟ್ಟರು. ಕುರ್ಚಿಯಲ್ಲಿ ಕೂತ ರೋಗಿಗೆ ಯಾವ ಹಲ್ಲು ಕೀಳಬೇಕೆಂದು ಹೇಳುವ ಮೆತ್ತನೆಯ ದನಿಯಲ್ಲೇ ಶುರುಮಾಡಿದರು.

"ಈ ತಂತಿಗಳು ಹೊಸವಲ್ಲ. ಅಡಿಯಲ್ಲಿ ಮೆಟ್ಟು ಸವೆಸಿದ ತಗ್ಗಿದೆ. ವರ್ಷಗಟ್ಟಲೆ ಒಬ್ಬನ ಬೆರಳು ಒತ್ತದೆ ಆ ತಗ್ಗು ಬೀಳಲ್ಲ. ಅಂದರೆ ಇವು ಸ್ಟಿಪಾನನವೇ, ಯಾರೋ ಬಿಚ್ಚಿ ತೊಳೆದು ಮತ್ತೆ ಕಟ್ಟಿದಾರೆ. ವಾನ್ಯಾ ಅಲ್ಲ. ತಂತಿ ಕುದಿಸೋದನ್ನ ಅವನು ಕೇಳೇ ಇಲ್ಲ, ಜೇಬಲ್ಲಿ ಹೊಸದು ಇಟ್ಕೊಂಡಿದಾನೆ. ಸರಿ, ಬಿಚ್ಚಿದ್ದು ಯಾಕೆ? ತಂತಿ ತೆಗೆಯದೆ ಈ ತಗಡಿನ ಫಲಕ ಏಳಲ್ಲ. ತಿರುಪಿನ ಮೇಲೆ ಹೊಸ ಗೀರಿದೆ. ಸಂದಿಯಲ್ಲಿ ಕನ್ನಡಿ ಹಿಡಿದರೆ ಒಳಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿದ ಕಾರ್ಖಾನೆಯ ಸುರುಳಿ ಕಾಣತ್ತೆ. ಸ್ಟಿಪಾನ್ ಟೆಲಿಫೋನಿನ ತಂತಿ ಸುತ್ತಿ ಮಾಡಿದ್ದು ಅದಲ್ಲ. ಕಳ್ಳ ತುಕ್ಕು ಕದಿಯೋಕೆ ಬರಲಿಲ್ಲ ಅಮ್ಮ. ನಿಮ್ಮ ಮಗನ ದನಿ ಕದ್ದ."

ಮಾಂದಾ ಗಿಟಾರನ್ನು ಎದೆಗೆ ಅವಚಿಕೊಂಡಳು.

"ಬುದ್ಧಿ ಇರೋ ಕಳ್ಳ ಆಗಿದ್ರೆ ತಂತೀನ ತುಕ್ಕಿನ ಸಮೇತ ಹಾಗೇ ಕಟ್ಟಿ ಹೋಗ್ತಿದ್ದ. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಆ ಕಾಲದ ಬ್ಯಾಂಡಿನವರ ಕೈಗೆ ಹಳೆ ತಂತಿ ಬಂತು ಅಂದ್ರೆ ಮುಗೀತು, ಕುದಿಸದೆ ಕಟ್ಟೋದಕ್ಕೆ ಅವರ ಕೈ ಒಪ್ಪಲ್ಲ. ತಲೆ ಬೇಡ ಅಂದರೂ ಕೈ ಒಲೆ ಹಚ್ಚತ್ತೆ. ಹಾಗಾದರೆ ಉಳಿದ ಮೂವರಲ್ಲಿ ಯಾರು? ವಿದಾಕನ ಬೆರಳು ಪ್ಲಾಸ್ಟರಿನೊಳಗಿದೆ, ತಂತಿ ತಿರುಚೋಕಾಗಲ್ಲ. ತೀಮಾನಿಗೆ ವಿನೆಗರ್ ಬಿಟ್ಟು ಬೇರೆ ದೇವರಿಲ್ಲ. ಗಿಟಾರಿನ ಮೇಲೆ ಹತ್ತಿದ್ದ ಹೊಟ್ಟು ನಾನು ದಿನಾ ರೋಗಿಗಳ ಬಾಯಿಗೆ ಹಾಕೋ ಅಡುಗೆ ಸೋಡಾ. ಸೋಡಾ ಎಲ್ಲರ ಮನೇಲೂ ಇದೆ, ಅಷ್ಟರಿಂದಲೇ ಯಾರನ್ನೂ ಕಳ್ಳ ಅನ್ನೋಕಾಗಲ್ಲ. ಅದಕ್ಕೇ ಹಳೇ ಜಗಳಕ್ಕೆ ಸ್ವಲ್ಪ ಗಾಳಿ ಹಾಕಿದೆ. ಬೀಗದ ಕೈ ನೇತಾಡೋ ಕೋಣೆಗೆ ದಿನಾ ತಿಂಡಿ ತರೋನು ಯಾರು ಅಂತ ನಾನು ಬೇರೆ ಹೇಳಬೇಕಾ, ಗೇಜಾ?"

ಸಿಹಿತಿಂಡಿಯವನ ದುಂಡು ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಮಾರೋಕೆ ಅಲ್ಲ," ಎಂದ ಕೊನೆಗೆ. "ಅವನ ಬೆನ್ನ ಹಿಂದೆ ಕೂತು ಡ್ರಮ್ ಬಡಿದೋನು ನಾನು. ಆ ದನಿ ಜನಕ್ಕೆ ಮುಟ್ಟೋ ಮೊದಲು ನನಗೆ ಮುಟ್ತಿತ್ತು. ಈಗ ಯಾವನೋ ಬಂದು ಅದರ ಮೇಲೆ ಬೆರಳಾಡಿಸ್ತಾನೆ, ಮಾರನೇ ದಿನ ಪೇಪರಲ್ಲಿ ಇವನ ಫೋಟೊ. ಗಿಟಾರು ಬೇಕಿದ್ರೆ ನುಡಿಸಲಿ, ಚಪ್ಪಾಳೆನೂ ತಗೊಳ್ಳಲಿ. ಸ್ಟಿಪಾನ ದನಿ ಮಾತ್ರ ಇವನಿಗೆ ಸಿಗಬಾರದು ಅನ್ನಿಸ್ತು."

"ಬಾಯಿ ಬಿಟ್ಟು ಕೇಳಿದ್ರೆ ನಾನೇ ಬೇರೆ ಗಿಟಾರು ತರ್ತಿದ್ದೆ," ವಾನ್ಯಾ ಮೆಲ್ಲಗೆ ಅಂದ. "ಕಳ್ಳ ಅಂತ ಇವರು ನನ್ನ ಬೈತಿದ್ದಾಗ ನೀವು ಸ್ಟ್ರೂಡೆಲ್ ಹಂಚ್ತಾ ಇದ್ರಿ."

ಗೇಜಾ ಅಂಗಿಯ ಎದೆ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

ವಿದಾಕ್ ಟೆಲಿಫೋನಿಗೆ ಎಡಗೈ ಚಾಚಿದ. "ಪೊಲೀಸರನ್ನ ಕರೀತೀನಿ."

"ಕರಿ, ಕರಿ," ಮಾಂದಾ ಅಂದಳು. "ಸುರುಳಿಯ ತಂತಿ ಯಾವ ಟೆಲಿಫೋನಿಂದು ಅಂತ ಅವರು ಕೇಳ್ತಾರೆ. ರೈಲ್ವೆ ಸ್ಟೇಷನ್ನಿನ ಟೆಲಿಫೋನು ವರ್ಷಗಟ್ಟಲೆ ಯಾಕೆ ಮೂಗಾಗಿತ್ತು ಅಂತ ನೀನೇ ವಿವರಿಸು."

ವಿದಾಕ್ ಕೈ ಹಿಂತೆಗೆದು ಪ್ಲಾಸ್ಟರ್ ಕೆರೆದುಕೊಂಡ. ತೀಮಾ ಚಾವಣಿ ನೋಡಿದ.

ಹಲಾಸರು ಮಾಂದಾಳತ್ತ ತಿರುಗಿ ಏನನ್ನೋ ಕೇಳುವ ಹಾಗೆ ಹುಬ್ಬೇರಿಸಿದರು. ಅವಳ ಗುಟ್ಟನ್ನು ಅವರು ಸಾವ್ಕಾಳ ಬಳಿಯೂ ಮತ್ತೆ ಎತ್ತಿರಲಿಲ್ಲ. ಮಾಂದಾ ತುಸು ಹೊತ್ತು ಗಿಟಾರಿನ ಮರವನ್ನು ಸವರಿದಳು. ಅವಳ ಬೀರುವಿಗೆ ಇವತ್ತಿಗೂ ಬಾಗಿಲಿರಲಿಲ್ಲ, ಪರದೆ ಕಟ್ಟಿದ್ದಳು.

"ಗೇಜಾ, ಇಲ್ಲಿ ಬಾ."

ಅವನು ಬಂದು ಅವಳ ಕುರ್ಚಿಯ ಮುಂದೆ ಮಂಡಿಯೂರಿದ. ಅವಳು ಅವನ ಕಿವಿ ಹಿಡಿದು ಹಿಂಡಿದಳು.

"ನನ್ನ ಕಿವಿ ಹೋಗ್ತಿದೆ ಕಣೋ. ಒಂದು ಆಗಲೇ ಹೋಯ್ತು, ಇನ್ನೊಂದು ಹಿಮ ಬೀಳೋ ತನಕ. ನಿನ್ನ ಡ್ರಮ್ಮಿನ ಉಪಕಾರಾನೇ ಇರಬೇಕು. ನಾಳೆ ಒಂದೇ ದಿನ ನಾನು ಅವನನ್ನ ಕೇಳೋದು. ನೀನು ಬೇರೆ ಏನನ್ನೋ ಕೇಳಿಸಿ ಕಳಿಸ್ತಿದ್ದೆ."

ಗೇಜಾ ಅಂಗಿಯ ಎದೆ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟ. ತೆಗೆದ ದಿನದಿಂದ ಅಲ್ಲೇ ಇಟ್ಟುಕೊಂಡಿದ್ದನೆಂದು ಕಾಣುತ್ತದೆ. ಬಟ್ಟೆ ಮೈ ಬೆವರಿಗೆ ಮಾಸಿತ್ತು. ಒಳಗೆ ಹತ್ತಿಪಟ್ಟಿ ಸುತ್ತಿದ, ಬೆಂಕಿಪೊಟ್ಟಣದಷ್ಟೇ ದೊಡ್ಡ ಸುರುಳಿ. ಪಟ್ಟಿ ಮಾಂದಾಳ ಹಳೆಯ ರವಿಕೆಯದು. ಅವಳು ಅದನ್ನು ಗುರುತಿಸಿ ನಕ್ಕಳು, ಕಣ್ಣು ಒರೆಸಿಕೊಂಡಳು. ಸಾವ್ಕಾ ಕಾಫಿ ಬಟ್ಟಲು ಎತ್ತುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು.

"ಇಷ್ಟೇನಾ?" ವಾನ್ಯಾ ಮುಟ್ಟಲೂ ಹೆದರಿ ಬಗ್ಗಿ ನೋಡಿದ. "ಆ ದನಿಯೆಲ್ಲ ಇದರಲ್ಲೇ ಇದ್ದದ್ದಾ?"

"ಅರ್ಧ ಇದರಲ್ಲಿ, ಅರ್ಧ ಬೆರಳಲ್ಲಿ," ಗೇಜಾ ತಲೆ ಎತ್ತದೆ ಅಂದ. ಆಮೇಲೆ, ಹಲ್ಲು ಕಿತ್ತಷ್ಟೇ ಕಷ್ಟದಿಂದ, "ತೆಳ್ಳನೆ ತಂತೀನ ಒತ್ತಬೇಡ. ಸವರು. ಬಾ, ತೋರಿಸ್ತೀನಿ," ಎಂದ.

"ತಂತಿ ಇದೇ ಇರಲಿ," ಮಾಂದಾ ಅಪ್ಪಣೆ ಕೊಟ್ಟಳು. "ಕುದಿಸಿದ್ದಕ್ಕೆ ಬೇಜಾರಿಲ್ಲ. ಅವನೂ ಹಾಗೇ ಮಾಡ್ತಿದ್ದ."

ತೀಮಾ ಆಗಲೇ ಬೆಸುಗೆ ಕಡ್ಡಿ ತರಲು ಅಂಗಡಿಗೆ ಓಡಿದ್ದ.

ಶನಿವಾರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪಂದಿರು ಹಳೆಯ ಬಿಗಿ ಪ್ಯಾಂಟು ಹುಡುಕಿ ತೊಟ್ಟು ಬಂದಿದ್ದರು, ಮಕ್ಕಳು ಅದನ್ನು ನೋಡಿ ನಗುತ್ತಿದ್ದರು. ಮಾಂದಾಳನ್ನು ಮೊದಲ ಸಾಲಿನಲ್ಲಿ, ಬಲಗಿವಿ ಆಂಪ್ಲಿಫೈಯರಿನ ಕಡೆಗಿರುವಂತೆ ಕೂರಿಸಿದ್ದರು. ಒಂದು ಪಕ್ಕ ಹಲಾಸರು, ಇನ್ನೊಂದು ಪಕ್ಕ ಸಾವ್ಕಾ. ಗೇಜಾ ವೇದಿಕೆಯ ಹಿಂಭಾಗದಲ್ಲಿ, ವಾನ್ಯಾನ ಬೆನ್ನ ಹಿಂದೆ ಕೂತಿದ್ದ. ವಿದಾಕ್ ಒಂದೇ ಕೈಯಲ್ಲಿ ಆರ್ಗನ್ ನುಡಿಸುವನೆಂದು ತೀಮಾ ಎಲ್ಲರಿಗೂ ಸಾರಿ, "ಆಗಲೂ ಒಂದೇ ಕೈ ಕೆಲಸ ಮಾಡ್ತಿದ್ದದ್ದು, ನೀವು ಗಮನಿಸಿರಲಿಲ್ಲ," ಅಂದ.

ನಗು ಅಡಗುವ ಮೊದಲೇ ಗಿಟಾರು ಬಾಯಿ ಬಿಟ್ಟಿತು.

ಸಾವ್ಕಾಳಿಗೆ ತಾನು ಹುಡುಗಿಯಾಗಿ ಕುಣಿದ ಸಂಜೆಗಳೆಲ್ಲ ಒಮ್ಮೆಗೇ ಎದುರು ಬಂದು ನಿಂತವು. ಅಳುವಿಗೂ ನಗುವಿಗೂ ನಡುವಿನ ಆ ದನಿ, ಬೀರುವಿನ ಬಾಗಿಲಿನಿಂದ, ರವಿಕೆಯ ಚೂರಿನಿಂದ, ಸ್ಟೇಷನ್ನಿನ ಟೆಲಿಫೋನಿನಿಂದ ಬಂದ ದನಿ, ಒಂದಿಷ್ಟೂ ಮುಪ್ಪಾಗಿರಲಿಲ್ಲ. ಹಲಾಸರ ಕನ್ನಡಕ ಮಂಜಾಗಿತ್ತು. ಅವರು ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ.

ಆಗ ಮಾಂದಾ ಕೋಲೆತ್ತಿ ನೆಲಕ್ಕೆ ಬಡಿದಳು. ಒಂದು, ಎರಡು, ಮೂರು.

ವಾನ್ಯಾನ ಕೈ ನಿಂತಿತು. ಡ್ರಮ್ಮಿನ ಕಡ್ಡಿಗಳು ಮೇಲೆಯೇ ನಿಂತವು. ಆ ಬಡಿತದ ಅರ್ಥ ಹಳೆಯ ಮೂವರಿಗೂ ಗೊತ್ತಿತ್ತು. 'ಕಡಿಮೆ ಮಾಡೋ' ಎಂಬ ಗೋಡೆಯಾಚೆಯ ಬೈಗುಳ ಅದು.

"ಯಾರೋ ನಿಲ್ಲಿಸು ಅಂದದ್ದು?" ಮಾಂದಾ ವೇದಿಕೆಯತ್ತ ಕೂಗಿದಳು. "ಜೋರು ಮಾಡೋ ಸ್ಟಿಪಾ! ಇನ್ನೂ ಜೋರು!"

ಗೇಜಾ ಕಡ್ಡಿ ಇಳಿಸಿದ. ಕಿಟಕಿಯ ಗಾಜುಗಳೆಲ್ಲ ಅದುರಿದವು.